ಸೀಟಿನ ಮೇಲೆ ಟವೆಲ್

ಹೋದ ತಿಂಗಳು ಅರ್ಧ ಲೋಟ ಕಾಫಿಯಿಂದಾಗಿ ನನ್ನ ಹಾರ್ಟ್ ಸ್ಕ್ಯಾನ್ ಒಂದು ವಾರ ಮುಂದಕ್ಕೆ ಹೋಯಿತು.

ತಿಂಡಿ ತಿನ್ನದೆ ಹೋಗಿದ್ದೆ. ಅದೇ ದೊಡ್ಡ ತ್ಯಾಗ ಅಂದುಕೊಂಡಿದ್ದೆ. "ಕಾಫಿ, ಟೀ ಏನಾದ್ರೂ ಕುಡಿದ್ರಾ?" ಎಂದು ನರ್ಸ್ ಕೇಳಿದರು. "ಬೆಳಿಗ್ಗೆ ಆರಕ್ಕೆ, ಅರ್ಧ ಲೋಟ ಅಷ್ಟೇ." ಅವರು ಪೆನ್ನು ಕೆಳಗಿಟ್ಟರು. 24 ಗಂಟೆ ಕಾಫಿ, ಟೀ, ಚಾಕೊಲೇಟ್ ಬೇಡ ಅಂತ ಚೀಟಿಯಲ್ಲಿ ಬರೆದೇ ಇತ್ತು. ಓದಿದ್ದೆ ಕೂಡ. ಅರ್ಧ ಲೋಟವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ ಅಂದುಕೊಂಡಿರಲಿಲ್ಲ.

"ಮುಂದಿನ ವಾರ ಬನ್ನಿ. ಡೆರಿಫಿಲಿನ್ ತಗೊಳ್ತೀರಾ? ಅದೂ ಬೇಡ." ಡೆರಿಫಿಲಿನ್! ನಮ್ಮಪ್ಪನ ಉಬ್ಬಸದ ಮಾತ್ರೆ. ಅದಕ್ಕೂ ಕಾಫಿಗೂ ಏನು ನಂಟು?

ಈ ಪರೀಕ್ಷೆಯಲ್ಲಿ ರಕ್ತಕ್ಕೆ ಅಡೆನೊಸಿನ್ ಬಿಡುತ್ತಾರೆ, ನಮ್ಮ ಮೈಯಲ್ಲೂ ಇರುವ ಒಂದು ರಾಸಾಯನಿಕ ಅದು. ಹೃದಯದ ರಕ್ತನಾಳಗಳು ಹಿಗ್ಗುತ್ತವೆ. ಕಟ್ಟಿಕೊಂಡ ನಾಳದಲ್ಲಿ ಮಾತ್ರ ಹರಿವು ಅಷ್ಟು ಏರುವುದಿಲ್ಲ, ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಅಡೆನೊಸಿನ್ ಕೂರಲು ರಿಸೆಪ್ಟರ್, ಅಂದರೆ ಜೀವಕೋಶದ ಮೇಲಿನ ಅದರ ಸೀಟು, ಖಾಲಿ ಇರಬೇಕಲ್ವಾ? ಕಾಫಿಯಲ್ಲಿರುವ ಕೆಫೀನ್ ಮಾಡುವುದು ನಮ್ಮ ಬಸ್‌ಸ್ಟ್ಯಾಂಡಿನ ಕೆಲಸ. ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿಯುತ್ತದೆ. ಟವೆಲ್ ಟಿಕೆಟ್ ತೆಗೆಸುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಆದರೆ ಬೇರೆಯವರು ಕೂರುವ ಹಾಗಿಲ್ಲ. ಮಿದುಳಿನಲ್ಲೂ ಇದೇ ಕಥೆ. ಎಚ್ಚರ ಇದ್ದಷ್ಟು ಹೊತ್ತು ಅಡೆನೊಸಿನ್ ಸೇರುತ್ತಾ ಹೋಗಿ ನಿದ್ದೆ ತರಿಸುತ್ತದೆ. ಕಾಫಿ ಅದನ್ನು ಓಡಿಸುವುದಿಲ್ಲ, ಸುಮ್ನೆ ನಿಲ್ಲಿಸಿರುತ್ತದೆ. ಟವೆಲ್ ಎತ್ತಿದ ತಕ್ಷಣ ಎಲ್ಲಾ ಒಟ್ಟಿಗೆ ನುಗ್ಗುತ್ತವೆ. ಮೈಯಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ನನ್ನ ಸ್ಕ್ಯಾನ್ ಇದ್ದದ್ದು 11ಕ್ಕೆ.

ಅಪ್ಪನ ಮಾತ್ರೆಯಲ್ಲಿರುವ ಥಿಯೋಫಿಲಿನ್ ಕೆಫೀನಿನ ದಾಯಾದಿ, ಅಣುವಿನಲ್ಲಿ ಮೀಥೈಲ್ ಗುಂಪು ಎಂಬ ಒಂದು ಚಿಕ್ಕ ತುಣುಕು ಕಡಿಮೆ ಅಷ್ಟೇ. 1888ರಲ್ಲಿ ಜರ್ಮನಿಯ ವಿಜ್ಞಾನಿ ಕೋಸೆಲ್ ಅದನ್ನು ಟೀ ಎಲೆಯಿಂದಲೇ ತೆಗೆದದ್ದು. ಕೋಕೋದಲ್ಲಿರುವ ಥಿಯೋಬ್ರೊಮಿನ್ ಕೂಡ ಇದೇ ಮನೆತನ, ಸ್ವಲ್ಪ ಸೋಮಾರಿ.

ಅಪ್ಪ ರಾತ್ರಿ ಮಾತ್ರೆ ನುಂಗಿ ಮೇಲೊಂದು ಲೋಟ ಸ್ಟ್ರಾಂಗ್ ಕಾಫಿ ಕುಡಿಯುತ್ತಿದ್ದರು. ಕೈ ನಡುಗುತ್ತಿತ್ತು. ಎದೆ ಡವಡವ. ಎರಡು ಗಂಟೆಗೆ ಹಜಾರದಲ್ಲಿ ಚಪ್ಪಲಿ ಸದ್ದು. ವಯಸ್ಸಾಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಒಂದೇ ಸೀಟಿಗೆ ಇಬ್ಬರು ದಾಯಾದಿಗಳು ಟವೆಲ್ ಹಾಕುತ್ತಿದ್ದದ್ದು ಯಾರಿಗೂ ಹೊಳೆಯಲಿಲ್ಲ.

ಎರಡನೇ ಸಲ ನಿಯತ್ತಾಗಿ ಕಾಫಿ ಬಿಟ್ಟೆ. ಮಧ್ಯಾಹ್ನಕ್ಕೇ ತಲೆ ಸಿಡಿಯತೊಡಗಿತು. ಕೆಫೀನ್ ಬಿಗಿಹಿಡಿದಿದ್ದ ತಲೆಯ ರಕ್ತನಾಳಗಳು ಸಡಿಲಾದರೆ ಹೀಗೇ ಅಂತೆ. ಹೆಂಡತಿ ಪಾಪ ಅಂದುಕೊಂಡು ಬರೀ ಚಿಕೋರಿ ಕುದಿಸಿ ಕೊಟ್ಟಳು. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ ಮಾತ್ರ ಥೇಟ್ ಕಾಫಿಯದ್ದೇ. ಕುಡಿದು ಏಳೂವರೆಗೆಲ್ಲಾ ಮಲಗಿಬಿಟ್ಟೆ.