ಸಾಕು ಬಿಡಿ

ಇತಿಹಾಸದ ಮೇಷ್ಟ್ರು ತೀರಿಕೊಂಡರೆಂದು ಕಳೆದ ತಿಂಗಳು ಅಮೆರಿಕದ ಅಯೋವಾದಿಂದ ಸುದ್ದಿ ಬಂತು. ಅಂದು ದಿನವಿಡೀ ಕಣ್ಣ ಮುಂದೆ ಇದ್ದದ್ದು ಅವರ ಪಾಠವಲ್ಲ, ಒಂದು ಬಂಡೆ. ನಮ್ಮ ಹೈಸ್ಕೂಲಿನ ಸಂಚಿಕೆಗೆ ಲೇಖನ ಕೇಳಿದ್ದೀರಿ, ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಓದಿದ್ದು ಕಾರ್ನೆಲ್ ಕಾಲೇಜಿನಲ್ಲಿ; ಊರವರು ತಿಳಿದಿರುವಂತೆ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಲ್ಲ. ನಮ್ಮದು ಅಯೋವಾದ ಮೌಂಟ್ ವರ್ನನ್ ಎಂಬ ಪುಟ್ಟ ಊರಿನ ಗುಡ್ಡದ ಮೇಲೆ ಮೆಥಡಿಸ್ಟ್ ಪಂಥದ ಕ್ರೈಸ್ತರು 1853ರಲ್ಲಿ ಸ್ಥಾಪಿಸಿದ್ದು, ಅವರದಕ್ಕಿಂತ 12 ವರ್ಷ ಹಿರಿಯದು. (ಈ ಲೆಕ್ಕವನ್ನು ಅಲ್ಲಿ ಓದಿದವರು ಯಾರೂ ಕೇಳದಿದ್ದರೂ ಹೇಳುತ್ತಾರೆ.) ಅಪ್ಪನಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಆದರೂ ಬೀದಿಯಲ್ಲಿ ಯಾರಾದರೂ ಹೊಗಳಿದರೆ ತಿದ್ದುತ್ತಿರಲಿಲ್ಲ. ನಾನೂ ತಿದ್ದಲಿಲ್ಲ.

ಮಿಷನ್‌ನವರ ಕಾಲೇಜು, ಹುಡುಗನ ಜಾತಿ ಕೆಡಿಸುತ್ತಾರೆ ಎಂದು ಅಜ್ಜಿ ಹೆದರಿದ್ದರು. ಮುಸುಕಿನ ಜೋಳದ ಹೊಲಗಳ ಆಚೆಯಿಂದಲೇ ಕಾಲೇಜಿನ ಪ್ರಾರ್ಥನಾಮಂದಿರ ಕಿಂಗ್ ಚಾಪೆಲ್‌ನ ಕಲ್ಲಿನ ಗೋಪುರ ಕಾಣುತ್ತಿತ್ತು, ನಿಜ. ಒಳಗೆ ಬಾ ಎಂದು ಮಾತ್ರ ಯಾರೂ ಕರೆಯಲಿಲ್ಲ.

ಕೆಡಿಸಿದ್ದು ಬೇರೆಯದೇ. ಅಲ್ಲಿ 1978ರಿಂದ ಒಂದು ಸಲಕ್ಕೆ ಒಂದೇ ವಿಷಯ. ಮೂರೂವರೆ ವಾರ ಅದೊಂದೇ ಪಾಠ, ಅವರೊಬ್ಬರೇ ಮೇಷ್ಟ್ರು, 25 ಮೀರದ ಮಕ್ಕಳು. ಬುಧವಾರ ಮುಗಿದರೆ ಸೋಮವಾರ ಇನ್ನೊಂದು. ನಮ್ಮ ಮೇಷ್ಟ್ರು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಟೈ ತುದಿಯಿಂದ ಕನ್ನಡಕ ಒರೆಸುತ್ತಾ ನಿಂತುಬಿಡುತ್ತಿದ್ದರು. ಗಂಟೆ ಹೊಡೆದರೆ ಬಚಾವಾದೆ ಎನ್ನುವಂತಿಲ್ಲ, ಇಡೀ ದಿನ ಅವರದೇ. ಹೊಸ ಸೊಸೆಗೆ ಅತ್ತೆ ಎದುರಿಗೇ ಕುಳಿತಂತೆ. ಅಮೆರಿಕದ ಅಂತರ್ಯುದ್ಧದ ಕಾರಣಗಳನ್ನು ಈಗ ಕೇಳಬೇಡಿ, ಮರೆತಿದ್ದೇನೆ. ಆ ಮೌನ ಮರೆತಿಲ್ಲ. ಅಣ್ಣನ ಮಗ ಈಗ ಬೆಂಗಳೂರಿನಲ್ಲಿ ಕೋಚಿಂಗ್‌ಗೆ ಹೋಗುತ್ತಾನೆ. ನಿಮ್ಮ ಮೇಷ್ಟ್ರ ಹೆಸರೇನೋ ಎಂದರೆ ‘ಫಿಸಿಕ್ಸ್ ಸರ್’ ಎನ್ನುತ್ತಾನೆ. ಅವರಿಗಾದರೂ ಇವನ ಹೆಸರು ಗೊತ್ತಿದೆಯೋ ಇಲ್ಲವೋ.

ಆವರಣದಲ್ಲೊಂದು ದೊಡ್ಡ ಬಂಡೆ. ಹುಟ್ಟುಹಬ್ಬ, ಪಂದ್ಯ, ಪ್ರೇಮ, ಎಲ್ಲಕ್ಕೂ ಅದರ ಮೇಲೆ ಬಣ್ಣ ಬಳಿಯುವುದು ವಿದ್ಯಾರ್ಥಿಗಳ ರೂಢಿ. ಮಾರ್ಚ್‌ನ ಒಂದು ರಾತ್ರಿ, ಹಿಮ ಕರಗುತ್ತಿದ್ದಾಗ, ನೆಬ್ರಾಸ್ಕದ ರೈತನ ಮಗನಾದ ನನ್ನ ರೂಮಿನ ಜೊತೆಗಾರ ಟಾರ್ಚ್ ಹಿಡಿದ, ನಾನು ನೇರಳೆ ಬಣ್ಣದಲ್ಲಿ ‘ಸಾಕು ಬಿಡಿ’ ಎಂದು ಬರೆದೆ. ಒದ್ದೆ ಕಲ್ಲಿನ ಮೇಲೆ ಬಣ್ಣ ನಿಲ್ಲದೆ ‘ಡಿ’ ಕೆಳಗೆ ಗೇಣುದ್ದ ಇಳಿಯಿತು. ಒರೆಸಲು ಹೋದರೆ ಇನ್ನಷ್ಟು ಕೆಡುತ್ತಿತ್ತು. ಹಾಗೇ ಬಿಟ್ಟು ಓಡಿದೆವು.

ಬೆಳಗ್ಗೆ ನೋಡಿದರೆ ಬಂಡೆಯ ಮುಂದೆ ಮೇಷ್ಟ್ರು, ಕೈಯಲ್ಲಿ ನೋಟ್‌ಪುಸ್ತಕ. ಆ ಗುಡ್ಡದ ಮೇಲೆ ಕನ್ನಡ ಬರುವವನು ನಾನೊಬ್ಬನೇ, ಇನ್ನು ವಿಚಾರಣೆಯ ಅಗತ್ಯವೇನು? ಅರ್ಥ ಕೇಳಿದರು. ‘ಗುರುಗಳಿಗೆ ನಮಸ್ಕಾರ’ ಎಂದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಅವರು ತಲೆದೂಗಿ ಬರೆದುಕೊಂಡರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಒಂದು ಪ್ರಶ್ನೆ ಕೇಳಿ ಎಂದಿನಂತೆ ಕನ್ನಡಕ ಒರೆಸುತ್ತಾ ನಿಂತರು. ಯಾರೂ ಬಾಯಿ ಬಿಡಲಿಲ್ಲ. ನನಗೆ ಉತ್ತರ ಗೊತ್ತಿತ್ತು (ಆ ಪರೀಕ್ಷೆಯಲ್ಲಿ ‘ಎ’ ಬಂದ ಮೂವರಲ್ಲಿ ನಾನೊಬ್ಬ), ಆದರೂ ಸುಮ್ಮನಿದ್ದೆ. ಕೊನೆಗೆ ಅವರು ಕನ್ನಡಕ ಹಾಕಿಕೊಂಡು, ನೋಟ್‌ಪುಸ್ತಕ ತೆರೆದು, ಬೋರ್ಡಿನ ಮೇಲೆ ಮಗು ಚಿತ್ರ ಬಿಡಿಸುವಂತೆ ನಾಲ್ಕು ಅಕ್ಷರ ಬರೆದರು. ಚೀಲ ಎತ್ತಿಕೊಂಡು ಹೊರಟೇಹೋದರು.

ಅರ್ಥ ತಿಳಿದೇ ಬರೆದರೋ, ನನಗೆ ನಮಸ್ಕಾರವನ್ನೇ ಹಿಂದಿರುಗಿಸಿದರೋ, ಮುಂದಿನ ಎರಡು ವರ್ಷವೂ ಕೇಳಲು ಧೈರ್ಯ ಬರಲಿಲ್ಲ. ಅಕ್ಷರಗಳು ಮಾತ್ರ ಯಥಾವತ್ತಾಗಿದ್ದವು: ‘ಡಿ’ ಕೆಳಗೆ ಇಳಿದಿದ್ದ ಬಣ್ಣದ ಗೆರೆಯನ್ನೂ ಬಿಡದೆ, ಸೀಮೆಸುಣ್ಣದಲ್ಲಿ ಗೇಣುದ್ದ ಎಳೆದಿದ್ದರು.