ಹಿತ್ತಲಿಗೆ ಬಂದ ಯಜಮಾನ

ಅಮೆರಿಕದ ಫೀನಿಕ್ಸ್‌ನ ನಮ್ಮ ಹಿತ್ತಲಿಗೆ ಮರುಭೂಮಿ ಆಮೆಯೊಂದು ಬಂದಿದೆ. ಸಾಕಿದ ಆಮೆಯನ್ನು ಇಲ್ಲಿ ಮತ್ತೆ ಕಾಡಿಗೆ ಬಿಡುವಂತಿಲ್ಲ, ಕಾಡಿನವಕ್ಕೆ ಕಾಯಿಲೆ ಹರಡಬಹುದು ಅಂತ. ಹಾಗಾಗಿ ಅರಿಜೋನಾದ ವನ್ಯಜೀವಿ ಇಲಾಖೆಯೇ ದತ್ತು ಕೊಡಿಸುತ್ತದೆ. ಆದರೆ ಮೊದಲು ಬಿಲ ರೆಡಿ ಇರಬೇಕು.

ಬಿಲ ಅಂದರೆ ಸುಮ್ನೆ ಒಂದು ಗುಂಡಿ ಅಲ್ಲ. ಮೇಲೆ ದಪ್ಪಗೆ ಮಣ್ಣು ಹೊದಿಸಬೇಕು. ಹೊರಗೆ 45 ಡಿಗ್ರಿ ಸುಡುವಾಗಲೂ ಒಳಗೆ ತಂಪಿರಬೇಕು, ಮಳೆನೀರು ನುಗ್ಗಬಾರದು. ಚಳಿಗಾಲ ಪೂರ್ತಿ ಸಾಹೇಬರ ನಿದ್ದೆ ಅಲ್ಲೇ.

ಬೇಲಿ ತಂತಿಯದಾದರೆ ಕಷ್ಟ. ಆಚೆ ಕಡೆ ಕಾಣಿಸಿದರೆ ದಿನವಿಡೀ ಅದನ್ನೇ ತಳ್ಳುತ್ತಿರುತ್ತದೆ. ಗೋಡೆಯಾದರೆ ತಂಟೆಯಿಲ್ಲ. ನಮ್ಮ ಕೈಯಲ್ಲಿರುವ ಫೋನೂ ತಂತಿ ಬೇಲಿಯೇ ಅನಿಸಿತು, ಇಡೀ ದಿನ ಬೇರೆಯವರ ಅಂಗಳ ಕಾಣಿಸುತ್ತಲ್ವಾ!

ಮೇಯಲು ಗಿಡಗಳನ್ನೇ ನೆಟ್ಟೆವು: ಗ್ಲೋಬ್‌ಮ್ಯಾಲೋ ಅನ್ನುವ ಇಲ್ಲಿನ ಹೂಗಿಡ, ದಾಸವಾಳ, ಪಾಪಸ್ ಕಳ್ಳಿ. ಊರಲ್ಲಿ ಬೈದುಕೊಂಡು ಕಡಿಯುತ್ತಿದ್ದ ಕಳ್ಳಿಯನ್ನು ಇಲ್ಲಿ ದುಡ್ಡು ಕೊಟ್ಟು ತಂದೆ. ತವರು ಅಮೆರಿಕವೇ ಅದಕ್ಕೆ, ಅದು ಬೇರೆ ಮಾತು. ನಿನ್ನೆ ಅದರ ಹಣ್ಣು ತಿಂದು ಮೂತಿಯೆಲ್ಲ ಕೆಂಪು ಮಾಡಿಕೊಂಡಿತ್ತು. ನಮ್ಮವಳು ರಕ್ತ ಅಂದುಕೊಂಡು ಡಾಕ್ಟರಿಗೇ ಫೋನ್ ಹಚ್ಚಿಬಿಟ್ಟಳು.