50 ಮಿ.ಮೀ. ಹೈಡ್ರೋಸೈಕ್ಲೋನ್: ಮೂರನೇ ಸುತ್ತಿನ ಟಿಪ್ಪಣಿ

ಹೈಡ್ರೋಸೈಕ್ಲೋನ್ ಅಂದರೆ ರಾಡಿಯನ್ನು ಒತ್ತಡದಲ್ಲಿ ಸುತ್ತಿಸಿ, ದಪ್ಪ ಕಣಗಳನ್ನು ಕೆಳಬಾಯಿಯಿಂದ (ಅಂಡರ್‌ಫ್ಲೋ), ನುಣ್ಣನೆಯವನ್ನು ಮೇಲಿನಿಂದ (ಓವರ್‌ಫ್ಲೋ) ಹೊರಬಿಡುವ ಶಂಕುವಿನಾಕಾರದ ಸಾಧನ. ಈ ಸುತ್ತಿನಲ್ಲಿ ಬದಲಾದದ್ದು ಎರಡೇ: ಕೆಳಬಾಯಿಯ ಅಳತೆ, ವೋರ್ಟೆಕ್ಸ್ ಫೈಂಡರಿನ (ಓವರ್‌ಫ್ಲೋ ಹೊರಹೋಗುವ, ಮೇಲಿನಿಂದ ಒಳಕ್ಕೆ ಇಳಿದ ಕೊಳವೆ) ಉದ್ದ. ಉಳಿದದ್ದೆಲ್ಲ ಹಿಂದಿನಂತೆಯೇ. ಸಿಲಿಂಡರಿನ ಒಳವ್ಯಾಸ 50 ಮಿ.ಮೀ., ಒಳಹರಿವಿನ ಕೊಳವೆ 10, ಫೈಂಡರ್ 16, ಶಂಕುವಿನ ಒಟ್ಟು ಕೋನ 10 ಡಿಗ್ರಿ. 8 ಮಿ.ಮೀ. ಬಾಯಿಗೆ ಇಳಿಯುವಷ್ಟರಲ್ಲಿ ಶಂಕು ಸುಮಾರು 240 ಮಿ.ಮೀ. ಉದ್ದವಾಗುತ್ತದೆ.

ಫೈಂಡರ್ ಮೊದಲು ಒಳಹರಿವಿನ ಮಟ್ಟಕ್ಕೇ ನಿಂತಿತ್ತು. ಹಾಗಾಗಿ ದಪ್ಪ ಕಣಗಳು ಒಂದು ಸುತ್ತೂ ಹಾಕದೆ ನೇರ ಓವರ್‌ಫ್ಲೋಗೆ ಹೋಗುತ್ತಿದ್ದವು. ಈಗ ಒಳಹರಿವಿನ ಕೆಳ ಅಂಚಿಗಿಂತ 8 ಮಿ.ಮೀ. ಕೆಳಗೆ ಇಳಿಸಿದೆ. ಆ ದೋಷ ಹೋಯಿತು.

ರಾಡಿ: 20 ಲೀಟರ್ ನೀರಿಗೆ 2.2 ಕೆ.ಜಿ. ಅರೆದ ಅದಿರು (ಕಪ್ಪು ಮ್ಯಾಗ್ನೆಟೈಟ್, ಬಿಳಿ ಕ್ವಾರ್ಟ್ಜ್), ಅಂದರೆ ತೂಕದಲ್ಲಿ ಶೇ. 10. ಮೊದಲೇ 300 ಮೈಕ್ರಾನ್ ಜರಡಿ ಹಿಡಿದದ್ದು. ಒಂದು ಕಲ್ಲುಚೂರು ಸಿಕ್ಕಿಕೊಂಡರೂ ಕೆಳಬಾಯಿ ಕಟ್ಟುತ್ತದೆ. ಪಂಪಿನ ಒಂದು ಕವಲು ತೊಟ್ಟಿಗೇ ವಾಪಸ್, ಅದೇ ಕದಡುವ ಕೆಲಸವನ್ನೂ ಮಾಡುತ್ತದೆ. ಒತ್ತಡ 1 ಬಾರ್. ಮುಳ್ಳು ನಡುಗಿದರೆ ಪಂಪು ಗಾಳಿ ಎಳೆಯುತ್ತಿದೆಯೇ ಎಂದು ಮೊದಲು ನೋಡಬೇಕು.

6 ಮಿ.ಮೀ. ಬಾಯಿ ಕೈಕೊಟ್ಟಿತು. ಮೊದಲು ಕೊಡೆಯಂತೆ ಬಿಚ್ಚಿಕೊಂಡು ಬೀಳುತ್ತಿದ್ದ ರಾಡಿ ಕ್ರಮೇಣ ಗಟ್ಟಿಯಾಗಿ, ಹಗ್ಗದಂತೆ ತಿರುಚಿಕೊಂಡು ಇಳಿಯತೊಡಗಿತು. ನಡುವಿನ ಗಾಳಿಯ ಕಂಬ ಮುಚ್ಚಿಹೋಯಿತು, ಬಾಯಿಗೆ ಸಾಗಿಸಲಾಗದ ದಪ್ಪ ಕಣಗಳು ಮೇಲಕ್ಕೆ ತಿರುಗಿದವು. ಬಾಯಿಯ ಅಡಿಗೆ ಬೆರಳಿಟ್ಟು ಒಳಕ್ಕೆ ಎಳೆಯುವ ಗಾಳಿ ತಾಗದಿದ್ದರೆ ಹಗ್ಗ ಕಟ್ಟಿದೆ ಎಂದೇ ಲೆಕ್ಕ. 10 ಮಿ.ಮೀ. ಹಾಕಿದರೆ ಉಲ್ಟಾ ತೊಂದರೆ: ನೀರು ಹೆಚ್ಚು ಇಳಿಯುತ್ತದೆ, ಆ ನೀರಿನ ಜೊತೆ ನುಣ್ಣನೆ ಹುಡಿಯೂ ಇಳಿಯುತ್ತದೆ. ಒಳಬಂದ ನೀರಿನ ಶೇ. 30 ಅಂಡರ್‌ಫ್ಲೋಗೆ ಹೋದರೆ ಅತಿ ಸೂಕ್ಷ್ಮ ಹುಡಿಯದೂ ಹೆಚ್ಚುಕಡಿಮೆ ಶೇ. 30 ಅಲ್ಲೇ. ಸದ್ಯಕ್ಕೆ 8 ಖಾಯಂ.

ಮಾದರಿ ಹಿಡಿಯುವಾಗ ಎರಡೂ ಧಾರೆಗಳನ್ನು ಒಂದೇ ಸಮಯಕ್ಕೆ, ಪೂರ್ತಿಯಾಗಿ, 5 ಸೆಕೆಂಡು ಬೇರೆ ಬೇರೆ ಬಕೆಟಿಗೆ ಬಿಡಬೇಕು. ಕೊಡೆಯ ಒಂದು ಅಂಚಿಗೆ ಲೋಟ ಒಡ್ಡಿ ತೆಗೆದ ಮಾದರಿಯನ್ನು ನಂಬುವಂತಿಲ್ಲ. ಆಮೇಲೆ 75 ಮೈಕ್ರಾನ್ ಜರಡಿಯಲ್ಲಿ, ಕೆಳಗಿಳಿಯುವ ನೀರು ತಿಳಿಯಾಗುವವರೆಗೆ ತೊಳೆಯುವುದು. ಜರಡಿಯ ಕಣ್ಣು ಕಟ್ಟಿದರೆ ಅಡಿಯಿಂದ ಮೆತ್ತನೆಯ ಬ್ರಷ್ಷು. ಸೂಜಿ ಹಾಕಿದರೆ ಜರಡಿಯೇ ಹೋಯಿತು.

ತೂಗುವ ಮುಂಚೆಯೇ ಬಣ್ಣದಲ್ಲಿ ವಿಷಯ ಗೊತ್ತಾಯಿತು. ಓವರ್‌ಫ್ಲೋದಿಂದ ಜರಡಿಯ ಮೇಲೆ ಉಳಿದದ್ದು ಬೆಳ್ಳಗೆ, ಅಂಡರ್‌ಫ್ಲೋದಿಂದ ಜರಡಿ ದಾಟಿದ್ದು ಕಪ್ಪಗೆ. ಸೈಕ್ಲೋನ್ ಕಣದ ಗಾತ್ರವೊಂದನ್ನೇ ನೋಡುವುದಿಲ್ಲ, ಕಣ ಎಷ್ಟು ಬೇಗ ನೀರನ್ನು ಸೀಳಿ ಗೋಡೆ ಸೇರುತ್ತದೆ ಎಂಬುದನ್ನಷ್ಟೇ ನೋಡುತ್ತದೆ. ಕ್ವಾರ್ಟ್ಜ್ ಸಾಂದ್ರತೆ 2.65, ಮ್ಯಾಗ್ನೆಟೈಟಿನದು ಸುಮಾರು 5.2. ಸ್ಟೋಕ್ಸ್ ಸೂತ್ರದಲ್ಲಿ (ದ್ರವದಲ್ಲಿ ಕಣ ಇಳಿಯುವ ವೇಗದ ಸೂತ್ರ) ನೀರಿನ ಸಾಂದ್ರತೆ 1 ಕಳೆದು ವರ್ಗಮೂಲ ತೆಗೆದರೆ ಅನುಪಾತ 1.6ರ ಹತ್ತಿರ. ಅಂದರೆ 75 ಮೈಕ್ರಾನ್ ಕ್ವಾರ್ಟ್ಜಿಗೆ 47 ಮೈಕ್ರಾನ್ ಮ್ಯಾಗ್ನೆಟೈಟ್ ಸರಿಸಮ. ಎರಡನ್ನೂ ಸೇರಿಸಿ ತೂಗಿ ಹೇಳುವ ಕಟ್ ಸೈಜ್ (ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಹೋಗುವ ಕಣದ ಗಾತ್ರ) ಇಲ್ಲಿ ಯಾವ ಖನಿಜದ್ದೂ ಅಲ್ಲ.

ಮುಂದಿನ ಸುತ್ತು: ಪ್ರತಿ ಜರಡಿ ಭಾಗವನ್ನೂ ಒಣಗಿಸಿ, ಅಯಸ್ಕಾಂತದಿಂದ ಬೇರ್ಪಡಿಸಿ, ಎರಡು ಖನಿಜಕ್ಕೂ ಬೇರೆ ಬೇರೆ ಲೆಕ್ಕ. ಕ್ರಮ ಇದೇ ಇರಬೇಕು, ಜರಡಿ ಮೊದಲು, ಅಯಸ್ಕಾಂತ ಆಮೇಲೆ. ಒಮ್ಮೆ ಅಯಸ್ಕಾಂತ ತಾಗಿದ ಮ್ಯಾಗ್ನೆಟೈಟ್ ಹುಡಿ ತನ್ನಷ್ಟಕ್ಕೇ ಉಂಡೆಕಟ್ಟಿ, ದಾಟಬೇಕಾದ ಜರಡಿಯ ಮೇಲೇ ಕೂತುಬಿಡುತ್ತದೆ.